ಬಿಟಿ ಹತ್ತಿಗೂ ಗುಲಾಬಿ ಕಾಯಿಕೊರಕ ಬಿದ್ದಿದ್ದೇಕೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ತಾಲ್ಲೂಕು. ಆರು ಎಕರೆ ಎರೆ ಹೊಲ, ಅದರಲ್ಲಿ ಮೂರಕ್ಕೆ ಬೋರ್‌ವೆಲ್ ನೀರು. ಬಹಳ ವರ್ಷದಿಂದ ಬಿಟಿ ಹತ್ತಿಯನ್ನೇ ಹಾಕುತ್ತಿದ್ದೇನೆ. ಮೊದಲೆಲ್ಲ ಕಾಯಿಕೊರಕಕ್ಕೆ ಔಷಧಿ ಹೊಡೆದದ್ದೇ ಇಲ್ಲ. ಈಗ ಮೊದಲ ಸಲ ಬಿಡಿಸಿದ ಹತ್ತಿ ಚೆನ್ನಾಗಿರುತ್ತದೆ. ನವೆಂಬರ್ ಕಳೆದ ಮೇಲೆ ಕಾಯಿ ಅರ್ಧಂಬರ್ಧ ಅರಳುತ್ತವೆ, ಅರಳೆ ಹಳದಿ ತಿರುಗುತ್ತದೆ, ಒಳಗೆ ಗುಲಾಬಿ ಹುಳು. ಅಂಗಡಿಯವರು 'ಹುಳು ಬಿಟಿಗೆ ಒಗ್ಗಿಕೊಂಡಿದೆ, ಡೋಸ್ ಹೆಚ್ಚು ಮಾಡಿ' ಅನ್ನುತ್ತಾರೆ. ಪಕ್ಕದ ಹೊಲದವರು ಬೀಜವೇ ನಕಲಿ ಅನ್ನುತ್ತಾರೆ. ಬಿಎಸ್‌ಸಿ ಓದುವ ಮಗ ಇದು ವಿಕಾಸ ಅನ್ನುತ್ತಾನೆ. ವಿಕಾಸಕ್ಕೆ ಲಕ್ಷಗಟ್ಟಲೆ ವರ್ಷ ಬೇಕಲ್ಲವೇ? ಬೀಜದ ಜೊತೆ ಬರುತ್ತಿದ್ದ ಸಣ್ಣ ನಾನ್ ಬಿಟಿ ಪೊಟ್ಟಣವನ್ನು ನಮ್ಮ ಊರಲ್ಲಿ ಯಾರೂ ಬಿತ್ತಲಿಲ್ಲ, ಅದಕ್ಕೇ ಹೀಗಾಯಿತೇ? ಕಳೆನಾಶಕ ಹೊಡೆದರೂ ಸಾಯದ ಹೊಸ ಬೀಜಕ್ಕೆ ಹುಳು ಬೀಳುವುದಿಲ್ಲವಂತೆ, ಹಾಕಬಹುದೇ? ನೀರಾವರಿ ಹತ್ತಿ ಈಗ ಜನವರಿಯಲ್ಲೂ ಹೊಲದಲ್ಲೇ ಇದೆ. ಮಾರ್ಚ್‌ವರೆಗೆ ಬಿಡುವ ಯೋಚನೆ.

ಉತ್ತರ: ಪ್ರಶ್ನೆ ಐದಾರು ಇದ್ದರೂ ನಿಮ್ಮ ಚಿಂತೆ ಒಂದೇ. ಔಷಧಿ ಖರ್ಚು ಉಳಿಯಲೆಂದು ದುಬಾರಿ ಬೀಜ ಕೊಂಡಿರಿ. ಈಗ ಬೀಜಕ್ಕೂ ದುಡ್ಡು, ಔಷಧಿಗೂ ದುಡ್ಡು, ಕೊನೆಗೆ ಬಿಡಿಸುವುದು ಹುಳುಕು ಹತ್ತಿ. ಇದರಿಂದ ಹೊರಬರುವ ದಾರಿ ಇದೆ. ಅದರ ಬಹುಪಾಲು ಬಿತ್ತುವ ಮತ್ತು ಕೀಳುವ ದಿನಾಂಕಗಳಲ್ಲಿದೆ, ಔಷಧಿ ಬಾಟಲಿಯ ಪಾಲು ಕಡಿಮೆ. ಹೀಗೇಕೆ ಎಂಬುದು ತಿಳಿಯಬೇಕಾದರೆ ಹುಳುವಿಗೆ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೊದಲು ನಕಲಿ ಬೀಜದ ಮಾತು ಮುಗಿಸಿಬಿಡೋಣ. ನಕಲಿ ಬೀಜ ಇಲ್ಲವೆಂದಲ್ಲ, ಇದೆ. ಆದರೆ ಅದರ ಲಕ್ಷಣ ಬೇರೆ. ಬೀಜದಲ್ಲಿ ಬಿಟಿ ಅಂಶವೇ ಇಲ್ಲದಿದ್ದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಹಸಿರು ಕಾಯಿಕೊರಕ ಬಿದ್ದು ಮೊಗ್ಗು, ಹೂ, ಎಳೆ ಕಾಯಿ ಎಲ್ಲವನ್ನೂ ಕೊರೆಯುತ್ತದೆ. ಅದರ ತೂತು ದೊಡ್ಡದು, ಹಿಕ್ಕೆ ಹೊರಗೇ ಕಾಣುತ್ತದೆ, ಎಷ್ಟೋ ಸಲ ಹುಳುವಿನ ಅರ್ಧ ಮೈ ಕಾಯಿಯ ಹೊರಗೇ ಇರುತ್ತದೆ. ನಿಮ್ಮ ಹೊಲದಲ್ಲಿ ಆ ಹುಳು ಇಲ್ಲ, ಗುಲಾಬಿ ಹುಳು ಮಾತ್ರ ಇದೆ, ಅದೂ ಹಂಗಾಮಿನ ಕೊನೆಯಲ್ಲಿ. ಹಾಗಿದ್ದರೆ ನಿಮ್ಮ ಬೀಜದಲ್ಲಿ ಬಿಟಿ ಇದೆ, ಹಸಿರು ಹುಳುವನ್ನು ತಡೆಯುತ್ತಲೂ ಇದೆ. ಆದರೂ ಸಂಶಯ ಉಳಿದರೆ ಎಲೆಯ ರಸದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿಗಳಿವೆ. ಎಲೆ ಒಯ್ದು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ. ಮುಂದಿನ ವರ್ಷದಿಂದ ಖಾಲಿ ಪ್ಯಾಕೆಟ್, ಲಾಟ್ ನಂಬರ್ ಇರುವ ಚೀಟಿ ಮತ್ತು ಬಿಲ್ಲನ್ನು ಬೆಳೆ ಮುಗಿಯುವ ತನಕ ಇಟ್ಟುಕೊಳ್ಳಿ. ಅವಿಲ್ಲದೆ ಯಾವ ದೂರೂ ನಿಲ್ಲುವುದಿಲ್ಲ.

ಹುಳು ಒಗ್ಗಿಕೊಂಡಿತೇ?

ಅಂಗಡಿಯವರ ಮಾತು ಅರ್ಧ ಸರಿ. ಬಿಟಿಯ ಹೊಡೆತ ತಾಳುವ ಹುಳುಗಳು ಈಗ ಹೆಚ್ಚಾಗಿವೆ ಎಂಬುದು ನಿಜ. ಆದರೆ ಒಂದೊಂದು ಹುಳುವೂ ಸ್ವಲ್ಪ ಸ್ವಲ್ಪ ವಿಷ ತಿಂದು ರೂಢಿ ಮಾಡಿಕೊಂಡಿತು ಎಂಬುದು ತಪ್ಪು. ಡೋಸ್ ಹೆಚ್ಚಿಸುವ ಸಲಹೆ ಹುಟ್ಟುವುದು ಈ ತಪ್ಪಿನಿಂದಲೇ.

ಬಿಟಿ ಹತ್ತಿಯ ಗಿಡ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಬಿಟಿ) ಎಂಬ ಬ್ಯಾಕ್ಟೀರಿಯಾದಿಂದ ತಂದ ಜೀನಿನ ನೆರವಿನಿಂದ 'ಕ್ರೈ' ಎಂಬ ಪ್ರೋಟೀನ್ ತಯಾರಿಸುತ್ತದೆ. ಮೊದಲ ಪೀಳಿಗೆಯ ಬೀಜದಲ್ಲಿ ಇದ್ದದ್ದು ಕ್ರೈ1ಎಸಿ ಒಂದೇ. 2006ರಿಂದ ಬಂದ ಎರಡು ಜೀನಿನ ಬೀಜದಲ್ಲಿ ಅದರ ಜೊತೆ ಕ್ರೈ2ಎಬಿ ಕೂಡ ಇದೆ. ಮರಿಹುಳು ಗಿಡವನ್ನು ತಿಂದಾಗ ಈ ಪ್ರೋಟೀನ್ ಅದರ ಕರುಳಿಗೆ ಹೋಗುತ್ತದೆ. ಪತಂಗದ ಮರಿಗಳ ಕರುಳು ನಮ್ಮ ಹೊಟ್ಟೆಯ ಹಾಗೆ ಹುಳಿಯಲ್ಲ, ಕ್ಷಾರ. ಅಲ್ಲಿ ಪ್ರೋಟೀನ್ ತುಂಡಾಗಿ ಚುರುಕುಗೊಂಡು ಕರುಳಿನ ಗೋಡೆಯಲ್ಲಿರುವ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬಳಿಕ ಜೀವಕೋಶಗಳಲ್ಲಿ ರಂಧ್ರ ಮಾಡುತ್ತದೆ. ಹುಳು ಮೇವು ಬಿಡುತ್ತದೆ, ಕೆಲವು ದಿನಗಳಲ್ಲಿ ಸಾಯುತ್ತದೆ.

ಹಾಗಾದರೆ ಕ್ಯಾಡ್‌ಹೆರಿನ್ ತಯಾರಿಸುವ ಜೀನೇ ಕೆಟ್ಟಿದ್ದರೆ? ಕ್ರೈ1ಎಸಿಗೆ ಅಂಟಲು ಜಾಗವಿರುವುದಿಲ್ಲ. ವಿಷ ಕರುಳಿನಲ್ಲಿ ಹಾದು ಹೊರಟುಹೋಗುತ್ತದೆ. ಕ್ರೈ2ಎಬಿ ವಿಷಯದಲ್ಲೂ ಹೀಗೆಯೇ, ಅಲ್ಲಿ ಕೆಟ್ಟಿರುವುದು ಎಬಿಸಿಎ2 ಎಂಬ ಇನ್ನೊಂದು ಜೀನು. ಇಂಥ ಕೆಟ್ಟ ಜೀನನ್ನು ವಿಷ ಉಂಟುಮಾಡಲಿಲ್ಲ. ಕೋಟಿಗಟ್ಟಲೆ ಹುಳುಗಳು ಹುಟ್ಟುವಾಗ ಜೀನಿನ ನಕಲಿನಲ್ಲಿ ತಪ್ಪುಗಳು ಆಗುತ್ತಲೇ ಇರುತ್ತವೆ. ಬಿಟಿ ಹತ್ತಿ ಬರುವ ಮುಂಚೆಯೂ ಎಲ್ಲೋ ಒಂದೊಂದು ಹುಳು ಇಂಥ ಜೀನು ಹೊತ್ತು ಹುಟ್ಟಿ, ಅದರಿಂದ ಯಾವ ಲಾಭವೂ ಇಲ್ಲದೆ ಸಾಯುತ್ತಿತ್ತು. ನಮ್ಮ ದೇಶದ ಹೊಲಗಳಿಂದ ಆರಿಸಿ ತಂದ ಗುಲಾಬಿ ಹುಳುಗಳನ್ನು ಪರೀಕ್ಷಿಸಿದಾಗ ಕ್ಯಾಡ್‌ಹೆರಿನ್ ಜೀನು ಎಂಟು ಬೇರೆ ಬೇರೆ ರೀತಿಯಲ್ಲಿ ಕೆಟ್ಟಿದ್ದು ಕಂಡಿತು. ಅಂದರೆ ಇದು ಒಂದೇ ಮೂಲದಿಂದ ಹರಡಿದ್ದಲ್ಲ, ಹಲವು ಕಡೆ ಬೇರೆ ಬೇರೆಯಾಗಿ ಮೇಲೆ ಬಂದದ್ದು. ದೇಶದ ಸುಮಾರು 1.2 ಕೋಟಿ ಹೆಕ್ಟೇರ್ ಹತ್ತಿಯಲ್ಲಿ ಶೇ 90ಕ್ಕಿಂತ ಹೆಚ್ಚು ಬಿಟಿಯೇ ಆದಾಗ ಇಡೀ ಹೊಲವೇ ಜರಡಿಯಾಯಿತು. ತಾಳದ ಹುಳು ಪ್ರತಿ ತಲೆಮಾರಿನಲ್ಲೂ ಸತ್ತಿತು, ತಾಳುವ ಹುಳು ಉಳಿದು ಮೊಟ್ಟೆ ಇಟ್ಟಿತು. ನಿಸರ್ಗದ ಆಯ್ಕೆ ಎಂದರೆ ಇಷ್ಟೇ. ಬದಲಾದದ್ದು ಹುಳುವಿನ ಸ್ವಭಾವವಲ್ಲ, ಹುಳುಗಳ ಗುಂಪಿನಲ್ಲಿ ಯಾವ ಜೀನು ಎಷ್ಟು ಪಾಲು ಎಂಬ ಲೆಕ್ಕ.

ನಿಮ್ಮ ಮಗ ಹೇಳಿದ್ದು ಸರಿ. ಹೊಸ ಅಂಗ, ಹೊಸ ಪ್ರಭೇದ ಮೂಡಲು ಬಹಳ ಕಾಲ ಬೇಕು. ಇರುವ ಜೀನೊಂದರ ಪಾಲು ಏರುವುದಕ್ಕೆ ಬೇಕಾದ್ದು ವರ್ಷಗಳಲ್ಲ, ತಲೆಮಾರುಗಳು. ಗುಲಾಬಿ ಹುಳು ಮೊಟ್ಟೆಯಿಂದ ಪತಂಗವಾಗಲು ಸುಮಾರು ಒಂದು ತಿಂಗಳು. ಆರೇಳು ತಿಂಗಳು ನಿಲ್ಲುವ ಹತ್ತಿಯಲ್ಲಿ ಐದು ತಲೆಮಾರು ಸಲೀಸಾಗಿ ಆಗುತ್ತವೆ. ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಗುಜರಾತಿನಲ್ಲಿ ಅದಕ್ಕೂ ಮುಂಚೆ, 2001ರಲ್ಲೇ, ಕದ್ದು ಬೆಳೆದದ್ದು ಪತ್ತೆಯಾಗಿತ್ತು. 2009ರ ಹಂಗಾಮಿನಲ್ಲಿ ಅದೇ ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳಲ್ಲಿ ಕ್ರೈ1ಎಸಿ ತಾಳುವ ಹುಳು ಸಿಕ್ಕಿತು. ಏಳು ವರ್ಷ ಎಂದರೆ ಹುಳುವಿಗೆ 35 ತಲೆಮಾರು. ಮನುಷ್ಯರ ಲೆಕ್ಕದಲ್ಲಿ ತಲೆಮಾರಿಗೆ 25 ವರ್ಷ ಹಿಡಿದರೆ ಸುಮಾರು 900 ವರ್ಷವಾಯಿತು! 2017ರ ಹೊತ್ತಿಗೆ ಎರಡು ಜೀನಿನ ಹತ್ತಿಯಲ್ಲೂ ಈ ಹುಳು ಗುಜರಾತ್ ದಾಟಿ ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಕರ್ನಾಟಕಗಳಲ್ಲಿ ನಷ್ಟ ಮಾಡುತ್ತಿತ್ತು.

ಗುಲಾಬಿ ಹುಳುವೇ ಏಕೆ?

ಇದೇ ಬಿಟಿ ಹತ್ತಿಯನ್ನು ಹಸಿರು ಕಾಯಿಕೊರಕವೂ ಅಷ್ಟೇ ವರ್ಷ ತಿಂದಿದೆ. ಅದೇಕೆ ಇಷ್ಟು ಬೇಗ ತಿರುಗಿ ಬೀಳಲಿಲ್ಲ? ಉತ್ತರ ಅದರ ಊಟದಲ್ಲಿದೆ. ಹಸಿರು ಹುಳುವಿಗೆ ತೊಗರಿ, ಕಡಲೆ, ಟೊಮೆಟೊ, ಸೂರ್ಯಕಾಂತಿ, ಜೋಳದ ತೆನೆ, ಎಲ್ಲವೂ ಆದೀತು. ಅಲ್ಲೆಲ್ಲ ಬಿಟಿ ಇಲ್ಲ. ಅಲ್ಲಿ ಬೆಳೆದ ವಿಷ ತಾಳದ ಪತಂಗಗಳು ಹತ್ತಿಯಲ್ಲಿ ಬದುಕುಳಿದ ಒಂದೆರಡರ ಜೊತೆ ಕೂಡುತ್ತವೆ, ತಾಳುವ ಜೀನು ತೆಳುವಾಗುತ್ತ ಹೋಗುತ್ತದೆ. ಗುಲಾಬಿ ಹುಳು ಹೆಚ್ಚುಕಡಿಮೆ ಹತ್ತಿಯೊಂದನ್ನೇ ನಂಬಿದ ಜೀವ. ಹತ್ತಿಯೆಲ್ಲ ಬಿಟಿ ಆದ ಮೇಲೆ ಅದಕ್ಕೆ ವಿಷವಿಲ್ಲದ ಊಟ ಎಲ್ಲೂ ಉಳಿಯಲಿಲ್ಲ.

ನಾನ್ ಬಿಟಿ ಪೊಟ್ಟಣ ಕೊಟ್ಟಿದ್ದು ಅದಕ್ಕಾಗಿಯೇ. 450 ಗ್ರಾಂ ಬಿಟಿ ಬೀಜಕ್ಕೆ 120 ಗ್ರಾಂ ನಾನ್ ಬಿಟಿ. ಹೊಲದ ಸುತ್ತ ಐದು ಸಾಲು ಅಥವಾ ವಿಸ್ತೀರ್ಣದ ಶೇ 20, ಯಾವುದು ಹೆಚ್ಚೋ ಅಷ್ಟು ಬಿತ್ತಬೇಕು ಎಂಬುದು ನಿಯಮವಾಗಿತ್ತು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ನಿಮ್ಮ ಮಗ ಕಾಗದದ ಮೇಲೆ ಲೆಕ್ಕ ಹಾಕಿ ನೋಡಲಿ. ವಿಷ ತಾಳುವ ಜೀನಿನ ಪಾಲು ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ತಂದೆಯಿಂದಲೂ ತಾಯಿಯಿಂದಲೂ ಆ ಜೀನು ಬಂದ ಹುಳು ಮಾತ್ರ ಬಿಟಿಯಲ್ಲಿ ಬದುಕುತ್ತದೆ ಎಂದೂ ಇಟ್ಟುಕೊಳ್ಳಿ. ಅಂಥ ಹುಳು ಹತ್ತು ಸಾವಿರಕ್ಕೆ ಒಂದು. ಶೇ 20 ನಾನ್ ಬಿಟಿ ಇದ್ದರೆ ಒಂದು ತಲೆಮಾರು ಕಳೆದಾಗ ಜೀನಿನ ಪಾಲು ಶೇ 1ರಿಂದ 1.04ಕ್ಕೆ ಏರುತ್ತದೆ, ಅಷ್ಟೆ. ಶೇ 5 ಇದ್ದರೆ 1.19. ಶೇ 2 ಇದ್ದರೆ 1.48. ನಾನ್ ಬಿಟಿ ಏನೂ ಇಲ್ಲದಿದ್ದರೆ? ಉಳಿದ ಹುಳುಗಳೆಲ್ಲ ತಾಳುವವೇ, ಒಂದೇ ತಲೆಮಾರಿನಲ್ಲಿ ಶೇ 100. ಇದು ಕಾಗದದ ಲೆಕ್ಕ, ಹೊಲದಲ್ಲಿ ಅಕ್ಕಪಕ್ಕದ ಪತಂಗ ಬಂದು ಸೇರುವುದರಿಂದ ಇಷ್ಟು ಕಡಿದಾಗಿ ಏರುವುದಿಲ್ಲ. ಆದರೆ ಆ ಸಣ್ಣ ಪೊಟ್ಟಣಕ್ಕೆ ಎಷ್ಟು ಬೆಲೆಯಿತ್ತು ಎಂಬುದು ಇದರಲ್ಲಿ ಕಾಣುತ್ತದೆ.

ಹಾಗೆಂದು ತಪ್ಪನ್ನೆಲ್ಲ ರೈತರ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡು ಎಕರೆಯವನಿಗೆ 'ಐದನೆಯ ಒಂದು ಪಾಲು ಹೊಲವನ್ನು ಹುಳುವಿಗೆ ಬಿಡು' ಎಂದು ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಬರೆದರೆ ಯಾರು ಬಿಟ್ಟಾರು? ಆ ಬೀಜದ ಮೊಳಕೆಯ ಬಗ್ಗೆಯೂ ದೂರುಗಳಿದ್ದವು. ಈಗ ಅನೇಕ ಪ್ಯಾಕೆಟ್‌ಗಳಲ್ಲಿ ನಾನ್ ಬಿಟಿ ಬೀಜವನ್ನು ಬಿಟಿಯ ಜೊತೆಯೇ ಬೆರೆಸಿ 475 ಗ್ರಾಂ ಕೊಡುತ್ತಾರೆ, ಬೆರೆಕೆ ಶೇ 5ರಿಂದ 10. ಬಿತ್ತದೆ ಬಿಡುವ ಪ್ರಶ್ನೆಯೇ ಇಲ್ಲ. ತಡವಾಗಿ ಬಂದ ಒಳ್ಳೆಯ ಏರ್ಪಾಡು.

ಇನ್ನೊಂದು ಕಾರಣದ ಬಗ್ಗೆ ಊರಿನ ಕಟ್ಟೆಗಳಲ್ಲಿ ಮಾತೇ ಇಲ್ಲ. ನನ್ನ ಮಟ್ಟಿಗೆ ಪೊಟ್ಟಣದಷ್ಟೇ ದೊಡ್ಡ ಕಾರಣ ಅದು. ನಮ್ಮಲ್ಲಿ ಬೆಳೆಯುವ ಬಿಟಿ ಹತ್ತಿಯ ಬಹುಪಾಲು ಹೈಬ್ರಿಡ್. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬೆಳೆಯುವುದು ಹೈಬ್ರಿಡ್ ಅಲ್ಲದ ತಳಿಗಳು. ಹೈಬ್ರಿಡ್ ಗಿಡಕ್ಕೆ ಬಿಟಿ ಜೀನು ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿರುತ್ತದೆ. ಗಿಡದ ಎಲೆಯಲ್ಲಿ, ತೊಗಟೆಯಲ್ಲಿ ವಿಷ ಇದ್ದೇ ಇರುತ್ತದೆ. ಆದರೆ ಆ ಗಿಡದ ಕಾಯಿಯೊಳಗಿನ ಬೀಜ ಮುಂದಿನ ತಲೆಮಾರು. ಅಲ್ಲಿ ಜೀನು ಹಂಚಿಹೋಗುತ್ತದೆ. ಎರಡು ಜೀನಿನ ಹೈಬ್ರಿಡ್‌ನ 16 ಬೀಜಗಳಲ್ಲಿ ಸರಾಸರಿ 9ರಲ್ಲಿ ಎರಡೂ ವಿಷ, 3ರಲ್ಲಿ ಕ್ರೈ1ಎಸಿ ಮಾತ್ರ, 3ರಲ್ಲಿ ಕ್ರೈ2ಎಬಿ ಮಾತ್ರ, ಒಂದರಲ್ಲಿ ಯಾವುದೂ ಇಲ್ಲ. ಗುಲಾಬಿ ಹುಳು ತಿನ್ನುವುದೇ ಬೀಜವನ್ನು. ಒಂದೇ ಕಾಯಿಯಲ್ಲಿ ಪೂರ್ತಿ ವಿಷ, ಅರ್ಧ ವಿಷ, ವಿಷವಿಲ್ಲದ ಬೀಜ ಎಲ್ಲವೂ ಸಿಕ್ಕರೆ, ತಾಳುವ ಜೀನು ಒಂದೇ ಕಡೆಯಿಂದ ಬಂದ ಅರೆಬರೆ ಹುಳುವೂ ಬದುಕಿ ಪತಂಗವಾಗುತ್ತದೆ. ಸಾಲದ್ದಕ್ಕೆ ಗಿಡಕ್ಕೆ ವಯಸ್ಸಾದಂತೆ ಕ್ರೈ1ಎಸಿ ಇಳಿಯುತ್ತ ಹೋಗುತ್ತದೆ. ಸುಮಾರು 110 ದಿನದ ನಂತರ ಅದು ಹಸಿರು ಹುಳುವನ್ನು ಕೊಲ್ಲುವುದಕ್ಕೂ ಸಾಲದಷ್ಟಾಗುತ್ತದೆ ಎಂದು ಅಳೆದು ನೋಡಿದ್ದಾರೆ, ಅದರಲ್ಲೂ ಹಸಿರು ಕಾಯಿಯ ಸಿಪ್ಪೆಯಲ್ಲಿ ಅದು ಬಲು ಕಡಿಮೆ. ಹುಳುವನ್ನು ಪೂರ್ತಿ ಕೊಲ್ಲದ, ಆದರೆ ಆರಿಸಲು ಸಾಕಾಗುವಷ್ಟು ವಿಷ. ನಿಸರ್ಗದ ಆಯ್ಕೆ ಚುರುಕಾಗಲು ಇದಕ್ಕಿಂತ ಅನುಕೂಲ ಬೇಕಿಲ್ಲ. ನವೆಂಬರ್ ಕಳೆದ ಮೇಲೆ ಹುಳು ಹೆಚ್ಚುವುದೇಕೆ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ತಲೆಮಾರು ಏರಿದಂತೆ ಹುಳು ಹೆಚ್ಚುತ್ತದೆ, ಗಿಡ ಬಲಿತಂತೆ ವಿಷ ಇಳಿಯುತ್ತದೆ.

ಡೋಸ್ ಹೆಚ್ಚಿಸಿದರೆ?

ಬೇಡ. ಮೊಟ್ಟೆಯೊಡೆದ ಮರಿ ಕೆಲವೇ ಗಂಟೆಗಳಲ್ಲಿ ಮೊಗ್ಗು ಅಥವಾ ಕಾಯಿಯೊಳಗೆ ಹೊಕ್ಕುಬಿಡುತ್ತದೆ. ಹೊಕ್ಕ ತೂತು ಸೂಜಿ ಮೊನೆಯಷ್ಟು, ಕಾಯಿ ಬೆಳೆದಂತೆ ಮುಚ್ಚಿಹೋಗುತ್ತದೆ. ಅದರ ನಂತರ ಒಂದು ಪಟ್ಟು ಹೊಡೆದರೂ ನಾಲ್ಕು ಪಟ್ಟು ಹೊಡೆದರೂ ಔಷಧಿ ಒಳಗಿನ ಹುಳುವನ್ನು ಮುಟ್ಟುವುದಿಲ್ಲ. ಹುಳುಗಳನ್ನು ತಿಂದು ನಮಗೆ ನೆರವಾಗುವ ಹೊರಗಿನ ಜೇಡ, ಗುಲಗಂಜಿ ಹುಳ, ಪರತಂತ್ರ ಜೀವಿಗಳು ಸಾಯುತ್ತವೆ, ಬಿಳಿನೊಣ ಏಳುತ್ತದೆ. ಔಷಧಿ ತಾಳುವ ಹುಳುಗಳನ್ನು ಆರಿಸುವ ಎರಡನೆಯ ಜರಡಿಯನ್ನು ನಾವೇ ಹಿಡಿದಂತಾಗುತ್ತದೆ. ಹೊಡೆಯುವವರ ಜೀವದ ಪ್ರಶ್ನೆಯೂ ಇದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಔಷಧಿ ಬೇಕೇ ಬೇಡವೇ ಎಂಬುದನ್ನು ಬಲೆ ಮತ್ತು ಕಾಯಿ ನೋಡಿ ತೀರ್ಮಾನಿಸಬೇಕು. ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಬಲೆ) ನಿಲ್ಲಿಸಿ. ಗಿಡದ ತುದಿಗಿಂತ ಒಂದು ಅಡಿ ಮೇಲಿರಲಿ, ಗಿಡ ಬೆಳೆದಂತೆ ಏರಿಸಿ. ಬಲೆಯೊಳಗೆ ಇಡುವ ವಾಸನೆಯ ಬಿಲ್ಲೆ, ಅಂದರೆ ಲೂರ್, ಗುಲಾಬಿ ಕಾಯಿಕೊರಕದ್ದೇ ಎಂದು ಅಂಗಡಿಯಲ್ಲಿ ಕೇಳಿ ಪಡೆಯಿರಿ. ಹಸಿರು ಹುಳುವಿನ ಲೂರ್ ಹಾಕಿ 'ಪತಂಗವೇ ಇಲ್ಲ' ಎಂದು ನೆಮ್ಮದಿಯಾಗಿರುವವರು ಬಹಳ. ಮೂರು ನಾಲ್ಕು ವಾರಕ್ಕೊಮ್ಮೆ ಲೂರ್ ಬದಲಿಸಿ. ಸತತ ಮೂರು ರಾತ್ರಿ ಬಲೆಗೆ 8 ಅಥವಾ ಹೆಚ್ಚು ಪತಂಗ ಬಿದ್ದರೆ ಅದು ಔಷಧಿಯ ಹೊತ್ತು. ಹೂಗಳನ್ನೂ ನೋಡಿ. ಎಸಳು ಬಿಚ್ಚದೆ, ಸುರುಳಿ ಸುತ್ತಿ, ಮುಚ್ಚಿದ ಗುಲಾಬಿ ಮೊಗ್ಗಿನಂತಿರುವ ಹೂವಿನೊಳಗೆ ಹುಳು ಇರುತ್ತದೆ. ಅಂಥವು ನೂರಕ್ಕೆ 10 ದಾಟಿದರೂ ಅದೇ ಎಚ್ಚರಿಕೆ. ಕಡಿಮೆ ಇದ್ದಾಗ ಕೈಯಿಂದ ಕಿತ್ತು ಸಾಬೂನು ನೀರಿನ ಬಕೆಟ್ಟಿಗೆ ಹಾಕಿದರೆ ಮೊದಲ ತಲೆಮಾರಿಗೇ ಪೆಟ್ಟು.

ಮೂರನೆಯದು, ಎಲ್ಲಕ್ಕಿಂತ ನಂಬಬಹುದಾದದ್ದು, ಕಾಯಿ ಒಡೆದು ನೋಡುವುದು. ಹೊಲದಲ್ಲಿ ಅಡ್ಡಾಡಿ ಬೇರೆ ಬೇರೆ ಗಿಡಗಳಿಂದ ಎಕರೆಗೆ 20 ಹಸಿರು ಕಾಯಿ ಕೀಳಿ. ತೀರ ಎಳೆಯದೂ ಬೇಡ, ಕಲ್ಲಿನಂತೆ ಗಟ್ಟಿಯಾದದ್ದೂ ಬೇಡ, ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುವಂಥದ್ದು. ಹೊರಗಿನಿಂದ ಕಾಯಿ ಚೊಕ್ಕವಾಗಿಯೇ ಕಾಣುತ್ತದೆ, ಮೋಸ ಹೋಗಬೇಡಿ. ಸಿಪ್ಪೆ ಬಿಡಿಸಿ ಅದರ ಒಳಮೈ ನೋಡಿ: ಹುಳು ಹೊಕ್ಕಲ್ಲಿ ಗಂಟಿನಂಥ ಸಣ್ಣ ಉಬ್ಬು, ಕೆಲವೊಮ್ಮೆ ಗೆರೆಯಂತೆ ಸುರಂಗ ಇರುತ್ತದೆ. ಆಮೇಲೆ ಬೀಜ ನೋಡಿ. ಮರಿಹುಳು ಚಿಕ್ಕದಿದ್ದಾಗ ಬಿಳಿ, ತಲೆ ಮಾತ್ರ ಕಂದು. ಗುಲಾಬಿ ಬಣ್ಣ ಬರುವುದು ಬೆಳೆದ ಮೇಲೆ. ಹಾಗಾಗಿ 'ಗುಲಾಬಿ ಹುಳು ಕಾಣಲಿಲ್ಲ' ಎಂದು ಬಿಡುವಂತಿಲ್ಲ. 20 ಕಾಯಿಯಲ್ಲಿ ಎರಡರಲ್ಲಿ ಹುಳು ಅಥವಾ ಈ ಗುರುತು ಸಿಕ್ಕರೆ ಮಿತಿ ದಾಟಿತು.

ಮಿತಿ ದಾಟಿದಾಗ, ಮೊದಲ 60 ದಿನ ಬೇವಿನ ಬೀಜದ ಕಷಾಯ ಶೇ 5 ಸಾಕು. ಆ ನಂತರ ಪ್ರೊಫೆನೊಫಾಸ್ 50 ಇಸಿ ಲೀಟರಿಗೆ 2 ಮಿ.ಲೀ. ಅಥವಾ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರಿಗೆ ಅರ್ಧ ಗ್ರಾಂ. ಲ್ಯಾಮ್ಡಾ ಸೈಹಲೋಥ್ರಿನ್ 5 ಇಸಿಯಂಥ ಪೈರಿಥ್ರಾಯ್ಡ್ ಲೀಟರಿಗೆ 1 ಮಿ.ಲೀ. 120 ದಿನ ಕಳೆದ ಮೇಲೆ ಮಾತ್ರ, ಮುಂಚೆ ಹೊಡೆದರೆ ಬಿಳಿನೊಣ ಕೆರಳುತ್ತದೆ. ಒಂದೇ ಔಷಧಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಹೊಡೆಯಬೇಡಿ, ಎರಡು ಮೂರು ಔಷಧಿ ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ. ಪತಂಗ ಹಾರಾಡುವುದು ರಾತ್ರಿ, ಆದ್ದರಿಂದ ಸಂಜೆಯ ಹೊತ್ತು ಮೇಲು. ಲೇಬಲ್‌ನಲ್ಲಿ ಹತ್ತಿಯ ಕಾಯಿಕೊರಕದ ಹೆಸರಿದೆಯೇ, ಪ್ರಮಾಣ ಎಷ್ಟು, ಹೊಡೆದ ಎಷ್ಟು ದಿನಕ್ಕೆ ಬಿಡಿಸಬೇಕು ಎಂಬುದನ್ನು ಓದಿ. ಇಲ್ಲಿ ಬರೆದದ್ದಕ್ಕೂ ಲೇಬಲ್‌ಗೂ ವ್ಯತ್ಯಾಸವಿದ್ದರೆ ಲೇಬಲ್‌ನದೇ ಕೊನೆಯ ಮಾತು.

ಔಷಧಿಯಲ್ಲದ ಎರಡು ಉಪಾಯಗಳೂ ಇವೆ. ಮೊಟ್ಟೆಯನ್ನು ತಿನ್ನುವ ಟ್ರೈಕೋಗ್ರಾಮಟಾಯ್ಡಿಯಾ ಬ್ಯಾಕ್ಟ್ರೆ ಎಂಬ ಪುಟ್ಟ ಕಣಜದ ಕಾರ್ಡುಗಳನ್ನು ಎಕರೆಗೆ 60,000ದ ಲೆಕ್ಕದಲ್ಲಿ ವಾರಕ್ಕೊಮ್ಮೆ ಮೂರು ಸಲ ಕಟ್ಟಬಹುದು. ಕಟ್ಟಿದ ಆಸುಪಾಸಿನ ದಿನಗಳಲ್ಲಿ ಔಷಧಿ ಹೊಡೆದರೆ ಆ ದುಡ್ಡು ಮಣ್ಣುಪಾಲು. ಇನ್ನೊಂದು, ಹೆಣ್ಣು ಪತಂಗದ ವಾಸನೆಯನ್ನು ಇಡೀ ಹೊಲದಲ್ಲಿ ಹರಡಿ ಗಂಡಿಗೆ ಹೆಣ್ಣು ಸಿಗದಂತೆ ಮಾಡುವುದು. ಮೊಗ್ಗು ಬರುವಾಗ ಎಕರೆಗೆ ಸುಮಾರು 160 ವಾಸನೆಯ ಹಗ್ಗದ ತುಂಡುಗಳನ್ನು ಗಿಡಗಳಿಗೆ ಕಟ್ಟುತ್ತಾರೆ. ಅಕ್ಕಪಕ್ಕದ ಹೊಲಗಳೆಲ್ಲ ಸೇರಿ ಒಟ್ಟಾಗಿ ಕಟ್ಟಿದರೆ ಒಳ್ಳೆಯ ಫಲ. ನೀವೊಬ್ಬರೇ ಮೂರು ಎಕರೆಗೆ ಕಟ್ಟಿದರೆ ಪಕ್ಕದ ಹೊಲದಲ್ಲಿ ಕೂಡಿ ಬಸಿರಾದ ಹೆಣ್ಣು ನಿಮ್ಮಲ್ಲಿ ಬಂದು ಮೊಟ್ಟೆ ಇಡುತ್ತದೆ. ಅಷ್ಟು ಖರ್ಚು ಒಂಟಿಯಾಗಿ ಮಾಡಬೇಡಿ.

ಹುಳುವಿನ ಊಟವನ್ನೇ ನಿಲ್ಲಿಸುವುದು

ಕ್ಯಾಡ್‌ಹೆರಿನ್ ಕೆಟ್ಟಿರಲಿ, ಸರಿಯಿರಲಿ, ಹಸಿದ ಹುಳು ಸಾಯುತ್ತದೆ. ಬಿಟಿ ತಾಳುವ ಹುಳುವನ್ನೂ ತಾಳದ ಹುಳುವನ್ನೂ ಒಂದೇ ಸಮ ಹೊಡೆಯುವುದು ಹಸಿವು, ಅದಕ್ಕೇ ಅದು ಬಿಟಿಗೆ ತಾಳುವ ಜೀನನ್ನು ಇನ್ನಷ್ಟು ಆರಿಸಿ ಬೆಳೆಸುವುದಿಲ್ಲ. ಹಗಲು ಕಿರಿದಾಗಿ ಚಳಿ ಬಿದ್ದಾಗ ಕೊನೆಯ ತಲೆಮಾರಿನ ಹುಳುಗಳು ಕೋಶವಾಗದೆ ನಿದ್ದೆ ಹೋಗುತ್ತವೆ. ಎರಡು ಬೀಜ ಒಂದಕ್ಕೊಂದು ಅಂಟಿಕೊಂಡು ಜೋಡಿಯಾಗಿದ್ದರೆ ಬಿಡಿಸಿ ನೋಡಿ, ನಡುವೆ ಗೂಡು ಮಾಡಿ ಮಲಗಿರುತ್ತವೆ. ಒಣ ಕಾಯಿ, ಹತ್ತಿ ಕಟ್ಟಿಗೆ, ಉದುರಿದ ಕಸ, ಮನೆಯಲ್ಲಿಟ್ಟ ಹತ್ತಿ, ಜಿನ್ನಿಂಗ್ ಮಿಲ್ಲಿನ ಬೀಜದ ರಾಶಿ ಎಲ್ಲವೂ ಅವುಗಳ ಮನೆ. ಬೇಸಿಗೆಯಲ್ಲಿ, ಮೊದಲ ಮಳೆಯ ಹೊತ್ತಿಗೆ ಎದ್ದು ಪತಂಗವಾಗುತ್ತವೆ. ಪತಂಗದ ಆಯುಷ್ಯ ಒಂದೆರಡು ವಾರ. ಆಗ ಊರಲ್ಲಿ ಹತ್ತಿ ಮೊಗ್ಗೇ ಇಲ್ಲದಿದ್ದರೆ ಇಟ್ಟ ಮೊಟ್ಟೆಯ ಮರಿಗೆ ತಿನ್ನಲು ಏನೂ ಸಿಗದೆ ವಂಶ ಅಲ್ಲೇ ಮುಗಿಯುತ್ತದೆ. ನೀರಿದೆಯೆಂದು ಮೇ ತಿಂಗಳಲ್ಲೇ ಬಿತ್ತಿದವರ ಹೊಲ, ಮಾರ್ಚ್ ಏಪ್ರಿಲ್ ತನಕ ಬಿಟ್ಟವರ ಹೊಲ, ಇವೆರಡೂ ಈ ಹುಳುವಿಗೆ ಸೇತುವೆ. ನಿಮ್ಮ ಬೋರ್‌ವೆಲ್ ಹತ್ತಿ ಈಗ ಇಡೀ ಊರಿನ ಮುಂದಿನ ವರ್ಷದ ಹುಳುವನ್ನು ಸಾಕುತ್ತಿದೆ. ಕಟುವಾಗಿ ಕೇಳಿಸಬಹುದು, ಆದರೆ ನಿಜ.

ಮುಂದಿನ ವರ್ಷಕ್ಕೆ 140–160 ದಿನದಲ್ಲಿ ಮುಗಿಯುವ, ಒಮ್ಮೆಲೇ ಕಾಯಿ ಬಿಡುವ ಬೀಜ ಕೇಳಿ. ನೀರಿನ ಹೊಲವನ್ನೂ ಮಳೆ ನೋಡಿ ಜೂನ್‌ನಲ್ಲೇ, ಊರಿನವರ ಜೊತೆಗೇ ಬಿತ್ತಿ. ಡಿಸೆಂಬರ್ ಒಳಗೆ ಮುಗಿಸಿ. ನಷ್ಟವಾಗುವುದು ಕೊನೆಯ ಒಂದೆರಡು ಸಲದ ಹತ್ತಿ. ಅದರ ಬೆಲೆಯಿಂದ ಬಿಡಿಸುವ ಕೂಲಿ, ಔಷಧಿ, ನೀರು ಕಳೆದು ನೋಡಿ, ಹುಳುಕು ಹತ್ತಿಗೆ ಕಡಿಮೆ ದರ ಸಿಕ್ಕಿದ್ದನ್ನೂ ಸೇರಿಸಿ. ನೀರಿರುವ ಮೂರು ಎಕರೆಗೆ ಬೇಸಿಗೆ ಶೇಂಗಾ ಅಥವಾ ಎಳ್ಳು ಹಾಕಿದರೆ ಹೆಚ್ಚಿನ ವರ್ಷಗಳಲ್ಲಿ ಆ ಲೆಕ್ಕ ಹತ್ತಿಯನ್ನು ಮೀರುತ್ತದೆ. ಅಪಾಯ ಒಂದಿದೆ: ಅಕ್ಟೋಬರ್‌ನಲ್ಲಿ ಜಡಿ ಮಳೆ ಹಿಡಿದು ಮೊದಲ ಕಾಯಿಗಳು ಕೊಳೆತರೆ, ಅಲ್ಪಾವಧಿ ಬೀಜಕ್ಕೆ ಮತ್ತೆ ಕಾಯಿ ಕಟ್ಟಲು ಸಮಯ ಇರುವುದಿಲ್ಲ. ಮೊದಲ ವರ್ಷ ಅರ್ಧ ಹೊಲಕ್ಕೆ ಹಾಕಿ ನೋಡುವುದು ಕ್ಷೇಮ.

ದಿನಾಂಕ ಒಂದನ್ನೇ ನಂಬಿ ಉಳಿದದ್ದೆಲ್ಲ ಬಿಟ್ಟರೂ ಸರಿಯಲ್ಲ. ಒಂದೇ ದಿಕ್ಕಿನಿಂದ ವರ್ಷಗಟ್ಟಲೆ ಒತ್ತಿದರೆ ಜೀವಿಗಳ ಗುಂಪು ಅದಕ್ಕೂ ದಾರಿ ಕಂಡುಕೊಳ್ಳುತ್ತದೆ. ಅಮೆರಿಕದಲ್ಲಿ ಮೆಕ್ಕೆಜೋಳದ ಬೇರುಹುಳುವನ್ನು ವರ್ಷ ಬಿಟ್ಟು ವರ್ಷ ಬೆಳೆ ಬದಲಿಸಿ ಹತೋಟಿಯಲ್ಲಿಟ್ಟಿದ್ದರು. ಕೊನೆಗೆ ಒಂದರ ಬದಲು ಎರಡು ಚಳಿಗಾಲ ಮೊಟ್ಟೆಯಾಗಿಯೇ ಮಲಗಿ, ಮೆಕ್ಕೆಜೋಳ ಬಂದ ವರ್ಷವೇ ಏಳುವ ಹುಳುಗಳು ಹೆಚ್ಚಾದವು. ಬಲೆ, ಕಣಜ, ದಿನಾಂಕ, ನಾನ್ ಬಿಟಿ ಎಲ್ಲವೂ ಜೊತೆಯಲ್ಲಿ ಇರಬೇಕೆನ್ನುವುದು ಅದಕ್ಕೇ.

ಕಳೆನಾಶಕ ತಡೆಯುವ ಬೀಜದ ವಿಷಯ. ಅದಕ್ಕೆ ದೇಶದಲ್ಲಿ ಬೆಳೆಯಲು ಅನುಮತಿ ಇಲ್ಲ. ಬಿಲ್ ಸಿಗದು, ಮೊಳೆಯದಿದ್ದರೆ ಕೇಳುವವರಿಲ್ಲ. ಹುಳುವಿನ ಮಟ್ಟಿಗೆ ಅದರಲ್ಲಿ ಹೊಸದೂ ಇಲ್ಲ: ಇರುವುದು ಅದೇ ಕ್ರೈ1ಎಸಿ ಮತ್ತು ಕ್ರೈ2ಎಬಿ, ಹೆಚ್ಚುವರಿ ಜೀನು ಗ್ಲೈಫೋಸೇಟ್ ತಡೆಯಲು ಮಾತ್ರ. ನಿಮ್ಮ ಹೊಲದ ಗುಲಾಬಿ ಹುಳು ಎರಡನ್ನೂ ಈಗಾಗಲೇ ದಾಟಿದೆ.

ಹುಳು ಮತ್ತೆ ಮೊದಲಿನಂತಾಗುವುದೇ? ಕಾದು ಕೂತರೆ ಬೇಗ ಆಗುವುದಿಲ್ಲ. ಕೆಟ್ಟ ಕ್ಯಾಡ್‌ಹೆರಿನ್ ಜೀನಿನ ಹುಳುಗಳು ವಿಷವಿಲ್ಲದ ಕಡೆ ಸ್ವಲ್ಪ ಹಿಂದೆ ಬೀಳುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ, ಆದರೆ ಸುತ್ತ ಬಿಟಿಯೇ ತುಂಬಿರುವಾಗ ಆ ಹಿನ್ನಡೆಯಿಂದ ನಮಗೆ ಲಾಭವಿಲ್ಲ. ಚೀನಾದ ಯಾಂಗ್ಟ್ಸೆ ಕಣಿವೆಯಲ್ಲಿ ಬಿಟಿ–ನಾನ್ ಬಿಟಿ ಹೈಬ್ರಿಡ್‌ನ ಎರಡನೆಯ ತಲೆಮಾರಿನ ಬೀಜ ಬಿತ್ತುವುದು ಹೆಚ್ಚಿತು. ಅದರಲ್ಲಿ ನಾಲ್ಕರಲ್ಲೊಂದು ಗಿಡ ತಾನಾಗಿಯೇ ನಾನ್ ಬಿಟಿ. ತಾಳುವ ಹುಳುಗಳ ಪಾಲು ಏರತೊಡಗಿದ್ದು ಅಲ್ಲಿ ತಿರುಗಿ ಇಳಿಯಿತು. ಆ ಹಂತದಲ್ಲಿ ತಾಳುವ ಹುಳು ಇನ್ನೂ ವಿರಳವಾಗಿತ್ತು ಎಂಬುದನ್ನು ಮರೆಯಬಾರದು. ಅಮೆರಿಕದ ಅರಿಜೋನಾದಲ್ಲಿ ರೈತರು ಹತ್ತು ವರ್ಷ ನಾನ್ ಬಿಟಿಯನ್ನು ಕಟ್ಟುನಿಟ್ಟಾಗಿ ಬಿತ್ತಿದರು. 2006ರಿಂದ ಅದರ ಬದಲಿಗೆ ಬಂಜೆ ಮಾಡಿದ ಪತಂಗಗಳನ್ನು ವಿಮಾನದಿಂದ ಕೋಟಿ ಕೋಟಿ ಸಂಖ್ಯೆಯಲ್ಲಿ ಬಿಟ್ಟರು. 2018ರಲ್ಲಿ ಅಲ್ಲಿನ ಸರ್ಕಾರ ತನ್ನ ಹತ್ತಿ ಪ್ರದೇಶಗಳಿಂದ ಗುಲಾಬಿ ಹುಳು ನಿರ್ಮೂಲವಾಯಿತೆಂದು ಘೋಷಿಸಿತು. ನಮ್ಮ ಸಣ್ಣ ಹಿಡುವಳಿಗಳಲ್ಲಿ, ಇಷ್ಟು ವಿಸ್ತಾರದಲ್ಲಿ, ಅದು ಸದ್ಯಕ್ಕೆ ಆಗುವ ಮಾತಲ್ಲ. ಬೆರೆಕೆ ಬೀಜದ ನಾನ್ ಬಿಟಿ ಗಿಡಗಳೂ ಗುಲಾಬಿ ಹುಳುವನ್ನು ತಟ್ಟನೆ ಹಿಂದಕ್ಕೆ ತರಲಾರವು, ಆದರೆ ಹಸಿರು ಕಾಯಿಕೊರಕದ ಮೇಲೆ ಬಿಟಿ ಇನ್ನಷ್ಟು ವರ್ಷ ನಡೆಯುವಂತೆ ಅವು ಕಾಯುತ್ತವೆ. ಆ ಹುಳುವೂ ತಿರುಗಿಬಿದ್ದರೆ ಹತ್ತಿಗೆ ಹತ್ತಾರು ಸಲ ಔಷಧಿ ಹೊಡೆಯುತ್ತಿದ್ದ 1990ರ ದಶಕಕ್ಕೇ ಮರಳಬೇಕಾಗುತ್ತದೆ.

ಈಗ ಜನವರಿಯಲ್ಲಿ ಮಾಡಬೇಕಾದ್ದು: ಅರಳಿದ್ದನ್ನು ಬಿಡಿಸಿ ನೀರು ನಿಲ್ಲಿಸಿ. ಕೊನೆಯ ಸಲ ಔಷಧಿ ಹೊಡೆದ ಮೇಲೆ ಲೇಬಲ್‌ನಲ್ಲಿ ಹೇಳಿದ ದಿನಗಳು ಕಳೆದಿದ್ದರೆ ಕುರಿಯವರಿಗೆ ಹೇಳಿ ಹೊಲ ಮೇಯಿಸಿ. ಉಳಿದ ಹಸಿರು ಕಾಯಿಗಳ ಜೊತೆ ಒಳಗಿನ ಹುಳುವೂ ಹೋಗುತ್ತದೆ. ಆಮೇಲೆ ಗಿಡವನ್ನು ಬೇರುಸಹಿತ ಕೀಳಿ. ಬುಡದಿಂದ ಕತ್ತರಿಸಿ ಮತ್ತೆ ಚಿಗುರಿಸುವುದು ಬೇಡ. ಕಟ್ಟಿಗೆಯನ್ನು ಯಂತ್ರದಲ್ಲಿ ಪುಡಿ ಮಾಡಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ಉತ್ತಮ. ಒಲೆಗೆ ಬೇಕೆಂದರೆ ಕಾಯಿ, ಒಣ ತೊಳೆಗಳನ್ನು ಬಡಿದು ಸುಟ್ಟು, ಬರೀ ಕೋಲನ್ನು ಮನೆಗೆ ಒಯ್ದು ಮೇ ಒಳಗೆ ಉರಿಸಿ ಮುಗಿಸಿ, ಬದುವಿನ ಮೇಲೆ ಬಣವೆ ಒಟ್ಟಬೇಡಿ. ನಂತರ ಆಳವಾಗಿ ನೇಗಿಲು ಹೊಡೆದು ಮಣ್ಣನ್ನು ಬಿಸಿಲಿಗೆ ಬಿಡಿ. ಮನೆಯಲ್ಲಿರುವ ಹುಳುಕು ಹತ್ತಿಯನ್ನು ದರ ಏರಲೆಂದು ಬೇಸಿಗೆಯವರೆಗೆ ಇಡದೆ ಈಗಲೇ ಮಾರಿ. ಊರಲ್ಲಿ ಜಿನ್ನಿಂಗ್ ಮಿಲ್ ಇದ್ದರೆ ಅದರ ಅಂಗಳದಲ್ಲಿ ಬೇಸಿಗೆಯುದ್ದಕ್ಕೂ ಮೋಹಕ ಬಲೆ ನೇತುಹಾಕಿಸುವಂತೆ ನಾಲ್ಕು ಜನ ಸೇರಿ ರೈತ ಸಂಪರ್ಕ ಕೇಂದ್ರದಲ್ಲಿ ಒತ್ತಾಯ ಮಾಡಿ.